ಲಾಗಿನ್ ಬದಲಾಯಿತು, ನೆಟ್ ಹೋಯಿತು: ಕಚೇರಿಯ ಮೇಲ್ ಇರುವುದೆಲ್ಲಿ?

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಚರಂಡಿಗೆಂದು ಮಣ್ಣು ತೆಗೆಯುವ ಜೆಸಿಬಿಯ ಹಲ್ಲಿಗೆ ಫೈಬರ್ ಕೇಬಲ್ ಸಿಕ್ಕಿತೆಂದರೆ, ಅಕ್ಕಪಕ್ಕದ ಘಟಕಗಳಲ್ಲಿ ಅರ್ಧ ದಿನ ಇಂಟರ್ನೆಟ್ ಇರುವುದಿಲ್ಲ. ಅಂಥ ದಿನಗಳಲ್ಲಿ ಹಿಂದೆಲ್ಲ ಹೆಚ್ಚಿನ ತೊಂದರೆ ಆಗುತ್ತಿರಲಿಲ್ಲ. ಮೇಲ್ ನೋಡುವ ತಂತ್ರಾಂಶವಾದ ಔಟ್‌ಲುಕ್ ತೆರೆದು, ಬಂದಿದ್ದ ಮೇಲ್‌ಗಳನ್ನು ಓದಿಕೊಂಡು, ಉತ್ತರ ಬರೆದಿಟ್ಟು, ನೆಟ್ ಬಂದ ಮೇಲೆ ಕಳುಹಿಸುವುದು ರೂಢಿಯಾಗಿತ್ತು. ಈಗ ಅನೇಕ ಸಣ್ಣ ಕಚೇರಿಗಳು ಕಂಪ್ಯೂಟರ್ ತೆರೆಯುವ ಲಾಗಿನ್ನನ್ನೇ ಬದಲಾಯಿಸುತ್ತಿವೆ. 'ಆಫೀಸ್', 'ಅಕೌಂಟ್ಸ್' ಎಂದು ಎಲ್ಲರೂ ಹಂಚಿಕೊಳ್ಳುತ್ತಿದ್ದ ಹೆಸರುಗಳು ಹೋಗಿ, ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಲಾಗಿನ್ ಬರುತ್ತಿದೆ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ ಆದರೂ, ಬದಲಾವಣೆಯ ಮರುದಿನವೇ ನೆಟ್ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ನಾನು ಕಂಪ್ಯೂಟರ್ ರಿಪೇರಿಗೆಂದು ಹೋಗುವ ಒಂದು ಘಟಕದಲ್ಲಿ ಹಾಗೆಯೇ ಆಯಿತು. ಲೆಕ್ಕಪತ್ರ ನೋಡಿಕೊಳ್ಳುವ ಮೇಡಂ ಹೊಸ ಲಾಗಿನ್ನಿನಲ್ಲಿ ಔಟ್‌ಲುಕ್ ಒತ್ತಿದಾಗ ಇನ್‌ಬಾಕ್ಸ್ ಬರಲಿಲ್ಲ; ಮೇಲ್ ವಿಳಾಸ ಕೇಳುವ ಪುಟ್ಟ ಬಿಳಿ ಚೌಕವೊಂದು ಬಂತು, ಅದರ ಕೆಳಗೆ 'ಕನೆಕ್ಟ್' ಎಂಬ ಗುಂಡಿ. ವಿಳಾಸ ಹಾಕಿ ಒತ್ತಿದರೆ ಚಕ್ರ ತಿರುಗಿ ತಿರುಗಿ ಸುಮ್ಮನಾಗುತ್ತಿತ್ತು. "ಅದೇ ಕಂಪ್ಯೂಟರ್, ಅದೇ ಟೇಬಲ್ಲು. ನಿನ್ನೆ ಸಂಜೆ ಇದ್ದ ಮೇಲೆಲ್ಲ ಬೆಳಗಾಗೋದ್ರಲ್ಲಿ ಅಳಿಸ್ಹೋಯ್ತಾ ಸಾರ್?" ಎಂದು ಕೇಳಿದರು. ಒಂದು ಮೇಲೂ ಅಳಿಸಿರಲಿಲ್ಲ. ಎಲ್ಲವೂ ಅದೇ ಕಂಪ್ಯೂಟರಿನ ಅದೇ ಡಿಸ್ಕಿನಲ್ಲಿ, ಅವರ ಹೊಸ ಲಾಗಿನ್ನಿನ ಕೈಗೆ ಎಟುಕದ ಇನ್ನೊಂದು ಕೋಣೆಯಲ್ಲಿದ್ದವು. ಅದು ಹೇಗೆ ಎಂಬುದನ್ನು ತಿಳಿಯಲು ಸ್ವಲ್ಪ ಬುಡದಿಂದಲೇ ಆರಂಭಿಸಬೇಕು.

ಅಸಲು ಒಂದು ಕಡೆ, ಪ್ರತಿ ಇನ್ನೊಂದು ಕಡೆ

ಕಚೇರಿಯ ಮೇಲ್‌ನ ಅಸಲು ಇರುವುದು ಸರ್ವರ್‌ನಲ್ಲಿ, ಅಂದರೆ ಎಲ್ಲೋ ದೂರದಲ್ಲಿ ಹಗಲಿರುಳೂ ಚಾಲೂ ಇರುವ ಒಂದು ದೊಡ್ಡ ಕಂಪ್ಯೂಟರಿನಲ್ಲಿ. ನಮ್ಮ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಇದ್ದರೆ ಇರುವುದು ಅದರ ಪ್ರತಿ ಮಾತ್ರ. ಪಹಣಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಜಮೀನಿನ ದಾಖಲೆಯ ಅಸಲು ಸರ್ಕಾರದ ಭೂಮಿ ತಂತ್ರಾಂಶದಲ್ಲಿರುತ್ತದೆ. ಮನೆಯ ಬೀರುವಿನಲ್ಲಿರುವುದು ಯಾವುದೋ ಒಂದು ದಿನ ತೆಗೆಸಿಕೊಂಡು ಬಂದ ಪ್ರತಿ. ನಾಡಕಚೇರಿ ಮುಚ್ಚಿದ ದಿನವೂ ಆ ಪ್ರತಿಯನ್ನು ಓದಬಹುದು, ಆದರೆ ಅದನ್ನು ತೆಗೆಸಿದ ಮೇಲೆ ಆದ ಖಾತೆ ಬದಲಾವಣೆ ಅದರಲ್ಲಿ ಕಾಣುವುದಿಲ್ಲ. ಪ್ರತಿಯನ್ನೇ ತೆಗೆಸದವರಿಗೆ ಅಂದು ಓದಲು ಏನೂ ಇರುವುದಿಲ್ಲ. ಇಂಟರ್ನೆಟ್ ಇಲ್ಲದೆ ಮೇಲ್ ಓದುವುದು, ಅಂದರೆ 'ಆಫ್‌ಲೈನ್' ಓದುವುದು, ಎಂದರೆ ಬೀರುವಿನಲ್ಲಿರುವ ಪ್ರತಿಯನ್ನು ಓದುವುದು.

ಈ ಪ್ರತಿಯನ್ನು ತರಿಸುವ ಕ್ರಮಗಳಲ್ಲಿ ಹಳೆಯದು ಪಾಪ್, 1984ರಷ್ಟು ಹಿಂದಿನದು. ಟೆಲಿಫೋನ್ ತಂತಿಯ ಮೂಲಕ ಸ್ವಲ್ಪ ಹೊತ್ತು ಸಂಪರ್ಕ ಸಾಧಿಸಿ, ಮೇಲ್ ಇಳಿಸಿಕೊಂಡು, ಸಂಪರ್ಕ ಕಡಿದುಕೊಳ್ಳುವ ಕಾಲಕ್ಕೆ ಹೊಂದುವಂತೆ ಅದು ರೂಪುಗೊಂಡಿತು. ಪಾಪ್ ಮೇಲ್ ಅನ್ನು ನಮ್ಮ ಕಂಪ್ಯೂಟರಿಗೆ ತಂದು ಹಾಕುತ್ತದೆ. ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ ಸರ್ವರ್‌ನಲ್ಲಿದ್ದುದನ್ನು ತಕ್ಷಣವೋ ಕೆಲವು ದಿನ ಬಿಟ್ಟೋ ಅಳಿಸುತ್ತದೆ. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಹಾಗಲ್ಲ: ಅಸಲು ಸರ್ವರ್‌ನಲ್ಲಿಯೇ ಉಳಿಯುತ್ತದೆ, ನಮ್ಮಲ್ಲಿರುವುದು ಅದರ ನೆರಳು, ಒಂದೆಡೆ ಅಳಿಸಿದರೆ ಇನ್ನೊಂದೆಡೆಯೂ ಅಳಿಯುತ್ತದೆ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ವ್ಯವಸ್ಥೆಯಾದ ಎಕ್ಸ್‌ಚೇಂಜ್ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ. ನಿಮ್ಮ ಕಚೇರಿಯಲ್ಲಿರುವುದು ಯಾವುದು ಎಂಬುದು ಮುಖ್ಯ. ಐಮ್ಯಾಪ್ ಅಥವಾ ಎಕ್ಸ್‌ಚೇಂಜ್ ಆಗಿದ್ದರೆ ಕಂಪ್ಯೂಟರಿನ ಪ್ರತಿ ಹಾಳಾದರೂ ಅಸಲು ಸುರಕ್ಷಿತ. ಪಾಪ್ ಆಗಿದ್ದರೆ ಹಳೆಯ ಲಾಗಿನ್ನಿನಲ್ಲಿರುವ ಪ್ರತಿಯೇ ಅಸಲೂ ಆಗಿರಬಹುದು. ಕಡಿಮೆ ಬೆಲೆಯ ವೆಬ್‌ಸೈಟ್ ಹೋಸ್ಟಿಂಗ್‌ನೊಂದಿಗೆ ಬಂದ ಮೇಲ್ ಬಳಸುವ ಸಣ್ಣ ಘಟಕಗಳಲ್ಲಿ ಪಾಪ್ ಇನ್ನೂ ಕಾಣಸಿಗುತ್ತದೆ, ಮತ್ತು ಅಂಥ ಕಡೆ ಹಳೆಯ ಲಾಗಿನ್ ಅಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಎದೆ ಝಲ್ಲೆನ್ನುತ್ತದೆ.

'ಲಾಗಿನ್' ಪದ ಒಂದು, ಬಾಗಿಲು ಎರಡು

ಗೊಂದಲದ ಬೇರು ಇಲ್ಲಿದೆ. ಮೇಲ್‌ಗೆ ಒಂದು ಲಾಗಿನ್ ಇದೆ, ಅದರಿಂದ ಸರ್ವರ್‌ಗೆ ನಾವು ಯಾರೆಂದು ತಿಳಿಯುತ್ತದೆ. ಕಂಪ್ಯೂಟರಿಗೆ, ಅಂದರೆ ವಿಂಡೋಸ್‌ಗೆ, ಇನ್ನೊಂದು ಲಾಗಿನ್ ಇದೆ. ಡಿಸ್ಕಿನ ಯಾವ ಭಾಗ ನಮ್ಮದು ಎಂಬುದನ್ನು ಅದು ತೀರ್ಮಾನಿಸುತ್ತದೆ. ಕೆಲವು ಕಚೇರಿಗಳಲ್ಲಿ ಎರಡಕ್ಕೂ ಒಂದೇ ವಿಳಾಸ, ಒಂದೇ ಪಾಸ್‌ವರ್ಡ್ ಇರುವುದರಿಂದ ಇವೆರಡೂ ಒಂದೇ ಎಂಬ ಭಾವನೆ ಬೆಳೆದಿದೆ, ಆದರೆ ಅವು ಬೇರೆ ಬೇರೆ ಬಾಗಿಲುಗಳು.

ಕಂಪ್ಯೂಟರನ್ನು ಒಂದು ವಠಾರವೆಂದು ಭಾವಿಸಿ. ಹೊರಬಾಗಿಲು ಒಂದೇ, ನೀರಿನ ತೊಟ್ಟಿ ಒಂದೇ, ಒಳಗೆ ಮಾತ್ರ ಪ್ರತಿ ಸಂಸಾರಕ್ಕೂ ಅದರದೇ ಬೀಗವಿರುವ ಕೋಣೆ. ವಿಂಡೋಸ್‌ನಲ್ಲಿ ಸಿ ಡ್ರೈವಿನ 'ಯೂಸರ್ಸ್' ಫೋಲ್ಡರೇ ಆ ವಠಾರದ ಅಂಗಳ; ಅದರೊಳಗೆ ಪ್ರತಿ ಲಾಗಿನ್‌ಗೂ ಅದರ ಹೆಸರಿನ ಒಂದೊಂದು ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು, ಔಟ್‌ಲುಕ್ ತರಿಸಿಕೊಂಡ ಮೇಲ್‌ನ ಪ್ರತಿ, ಎಲ್ಲವೂ ಆ ಕೋಣೆಯೊಳಗೆ. ಒಂದು ಕೋಣೆಯವರು ಇನ್ನೊಂದನ್ನು ತೆರೆಯಲು ಹೋದರೆ ವಿಂಡೋಸ್ ಅನುಮತಿ ಇಲ್ಲವೆನ್ನುತ್ತದೆ. ವಠಾರದ ಮಾಲೀಕನಂತೆ ಅಡ್ಮಿನ್ ಬಳಿ ಮಾತ್ರ ಎಲ್ಲ ಕೋಣೆಗಳ ಕೀಲಿ ಇರುತ್ತದೆ.

ಲೆಕ್ಕದ ಮೇಡಂಗೆ ಹೊಸ ಲಾಗಿನ್ ಕೊಟ್ಟದ್ದೆಂದರೆ ಅದೇ ವಠಾರದಲ್ಲಿ ಹೊಸ, ಖಾಲಿ ಕೋಣೆ ಕೊಟ್ಟಂತೆ. ಔಟ್‌ಲುಕ್ ಎಂಬ ತಂತ್ರಾಂಶ ಎಲ್ಲ ಕೋಣೆಗಳಿಗೂ ಸಾಮಾನ್ಯವಾದುದರಿಂದ ತೆರೆದುಕೊಂಡಿತು. ಯಾವ ವಿಳಾಸದ ಮೇಲ್ ತರಬೇಕೆಂಬ ಚೀಟಿ ಹೊಸ ಕೋಣೆಯಲ್ಲಿ ಇಲ್ಲದ ಕಾರಣ ಅದು ವಿಳಾಸ ಕೇಳಿತು. ವಿಳಾಸ ಕೊಟ್ಟರೂ ಸರ್ವರ್‌ಗೆ ಹೋಗಿ ಕೇಳಲು ದಾರಿಯೇ ಕಡಿದಿತ್ತು. ನೆಟ್ ಇದ್ದಿದ್ದರೆ ಹತ್ತು ನಿಮಿಷದ ಕೆಲಸ. ಅಂದಿನ ಮಟ್ಟಿಗಿದ್ದ ಸರಳ ಪರಿಹಾರವೆಂದರೆ ಹೊಸ ಲಾಗಿನ್ನಿನಿಂದ ಹೊರಬಂದು ಹಳೆಯ ಲಾಗಿನ್ನಿನಲ್ಲಿಯೇ ಒಳಹೋಗುವುದು. ವಿಂಡೋಸ್‌ನ 'ಸ್ವಿಚ್ ಯೂಸರ್' ಇರುವುದೇ ಅದಕ್ಕೆ. ಹಳೆಯ ಲಾಗಿನ್ ಅಳಿಸಿರದಿದ್ದರೆ ಅಲ್ಲಿ ಔಟ್‌ಲುಕ್ ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತದೆ, ಸಾಮಾನ್ಯವಾಗಿ ಮೇಲ್‌ನ ಪಾಸ್‌ವರ್ಡನ್ನೂ ಕೇಳುವುದಿಲ್ಲ.

ಬೀಗ ಹಾಕಿದ ಪೆಟ್ಟಿಗೆ, ಹೊತ್ತೊಯ್ಯುವ ಪೆಟ್ಟಿಗೆ

ಇಷ್ಟು ತಿಳಿದವರಿಗೆ ಸಹಜವಾಗಿ ಹೊಳೆಯುವ ಉಪಾಯ ಇದು: ಅಡ್ಮಿನ್ ಕೀಲಿಯಿಂದ ಹಳೆಯ ಕೋಣೆ ತೆರೆದು, ಮೇಲ್ ಇರುವ ಫೈಲನ್ನು ಹೊಸ ಕೋಣೆಗೆ ಕಾಪಿ ಮಾಡಿಬಿಟ್ಟರಾಯಿತಲ್ಲ? ಆಗುವುದಿಲ್ಲ.

ಎಕ್ಸ್‌ಚೇಂಜ್ ಖಾತೆಯ ಮೇಲ್ ಅನ್ನು ಕ್ಲಾಸಿಕ್ ಔಟ್‌ಲುಕ್, ಅಂದರೆ ಔಟ್‌ಲುಕ್‌ನ ಹಳೆಯ ರೂಪ, ಇಡುವುದು ಓಎಸ್‌ಟಿ ಎಂಬ ಬಗೆಯ ಫೈಲಿನಲ್ಲಿ. ಲಾಗಿನ್ನಿನ ಫೋಲ್ಡರಿನೊಳಗೆ ಆಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗಿನ ಔಟ್‌ಲುಕ್ ಫೋಲ್ಡರಿನಲ್ಲಿ ಅದು ಕುಳಿತಿರುತ್ತದೆ. ಈ ಫೈಲನ್ನು ಸೃಷ್ಟಿಸಿದ ಔಟ್‌ಲುಕ್ ಪ್ರೊಫೈಲ್ ಯಾವುದೋ ಅದಕ್ಕೆ ಮಾತ್ರ ಅದು ತೆರೆಯುತ್ತದೆ. ಪ್ರೊಫೈಲ್ ಎಂದರೆ ನಾನು ಮೇಲೆ ಚೀಟಿ ಎಂದು ಕರೆದದ್ದು, ಮತ್ತು ಅದು ಹಳೆಯ ವಿಂಡೋಸ್ ಲಾಗಿನ್ನಿನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲಿದೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಲಾಗಿನ್ನಿನಲ್ಲಿ ಇಳಿಸಿದರೂ, ವಿಳಾಸ ಒಂದೇ ಆಗಿದ್ದರೂ, ಔಟ್‌ಲುಕ್ ಅದನ್ನು ತೆರೆಯಲು ಒಪ್ಪುವುದಿಲ್ಲ. ಇಪ್ಪತ್ತು ಜಿಬಿ ಫೈಲನ್ನು ಗಂಟೆಗಟ್ಟಲೆ ಕಾಪಿ ಮಾಡಿಕೊಂಡು ಕೊನೆಗೆ ಪೆಚ್ಚಾದವರನ್ನು ನಾನು ನೋಡಿದ್ದೇನೆ. ಓಎಸ್‌ಟಿಯನ್ನು ಪರಿವರ್ತಿಸಿ ಕೊಡುತ್ತೇವೆ ಎನ್ನುವ ತಂತ್ರಾಂಶಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಆದರೆ ಕಚೇರಿಯ ಅಷ್ಟೂ ಪತ್ರವ್ಯವಹಾರವನ್ನು ಗೊತ್ತಿಲ್ಲದವರ ತಂತ್ರಾಂಶದ ಬಾಯಿಗೆ ಕೊಡುವ ಮೊದಲು ಸರ್ವರ್‌ನಲ್ಲಿ ಅಸಲು ಇದೆಯಲ್ಲವೇ ಎಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬಹುತೇಕ ಸಂದರ್ಭಗಳಲ್ಲಿ ಇರುತ್ತದೆ.

ಹೊತ್ತೊಯ್ಯಬಹುದಾದ ಪೆಟ್ಟಿಗೆ ಬೇರೆಯದೇ ಇದೆ, ಅದಕ್ಕೆ ಪಿಎಸ್‌ಟಿ ಎನ್ನುತ್ತಾರೆ. ಹಳೆಯ ಲಾಗಿನ್ನಿನಲ್ಲಿ ಔಟ್‌ಲುಕ್ ತೆರೆದು, 'ಫೈಲ್' ಮೆನುವಿನ 'ಓಪನ್ ಆ್ಯಂಡ್ ಎಕ್ಸ್‌ಪೋರ್ಟ್' ಮೂಲಕ ಬೇಕಾದ ಫೋಲ್ಡರುಗಳನ್ನು ಪಿಎಸ್‌ಟಿಯಾಗಿ ಹೊರತೆಗೆದರೆ, ಅದನ್ನು ಯಾವ ಲಾಗಿನ್ನಿನಲ್ಲಾದರೂ, ಯಾವ ಕಂಪ್ಯೂಟರಿನಲ್ಲಾದರೂ ಕ್ಲಾಸಿಕ್ ಔಟ್‌ಲುಕ್‌ನಿಂದ ತೆರೆಯಬಹುದು. ಇದಕ್ಕೆ ನೆಟ್ ಬೇಡ. ಆದರೆ ಮೂರು ಮಿತಿಗಳಿವೆ. ಹೊರತೆಗೆದ ಕ್ಷಣದಲ್ಲಿ ಅದು ಸ್ಥಿರಚಿತ್ರವಾಗುತ್ತದೆ, ಮುಂದೆ ಬರುವ ಮೇಲ್ ಅದಕ್ಕೆ ಸೇರುವುದಿಲ್ಲ. ಕಂಪ್ಯೂಟರಿಗೆ ಇಳಿದಿದ್ದ ಮೇಲ್ ಮಾತ್ರ ಅದರೊಳಗೆ ಬರುತ್ತದೆ, ಸರ್ವರ್‌ನಲ್ಲಷ್ಟೇ ಇದ್ದ ಹಳೆಯದು ಬರುವುದಿಲ್ಲ. ಒಂದು ಲಾಗಿನ್ನಿನ ಔಟ್‌ಲುಕ್ ಅದನ್ನು ತೆರೆದು ಕುಳಿತಿರುವಾಗ ಇನ್ನೊಂದು ಲಾಗಿನ್ನಿಗೆ ಅದು ತೆರೆಯುವುದಿಲ್ಲ. 'ಸ್ವಿಚ್ ಯೂಸರ್' ಮಾಡಿ ಹೊರಬಂದಾಗ ಹಿಂದಿನ ಲಾಗಿನ್ನಿನ ಔಟ್‌ಲುಕ್ ಮುಚ್ಚಿರುವುದಿಲ್ಲ ಎಂಬುದನ್ನು ಮರೆತು ಅನೇಕರು ಫೈಲು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಇನ್ನೊಂದು ಮಾತು: ಎಲ್ಲರಿಗೂ ಸಿಗಲಿ ಎಂದು ಪಿಎಸ್‌ಟಿಯನ್ನು 'ಪಬ್ಲಿಕ್' ಫೋಲ್ಡರಿನಲ್ಲಿ ಇಟ್ಟರೆ ಅದು ನಿಜಕ್ಕೂ ಎಲ್ಲರಿಗೂ ಸಿಗುತ್ತದೆ, ಅದಕ್ಕೆ ಹಾಕುವ ಪಾಸ್‌ವರ್ಡ್ ಗಟ್ಟಿ ಬೀಗವಲ್ಲ.

ಔಟ್‌ಲುಕ್ ಬದಲು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವವರಿಗೆ ಈ ತಾಪತ್ರಯ ಕಡಿಮೆ. ಅದರ ಪ್ರೊಫೈಲ್ ಒಂದು ಸಾದಾ ಫೋಲ್ಡರ್ ಆಗಿರುವುದರಿಂದ, ತಂತ್ರಾಂಶ ಮುಚ್ಚಿ ಇಡೀ ಫೋಲ್ಡರನ್ನು ಕಾಪಿ ಮಾಡಿ ಹೊಸ ಲಾಗಿನ್ನಿನಲ್ಲಿ ತೆರೆಯಬಹುದು.

ನೆಟ್ ಇರುವಾಗಲೇ ಆಗಬೇಕಾದ ಕೆಲಸ

ಎರಡೂ ಲಾಗಿನ್ನುಗಳಲ್ಲಿ ನೆಟ್ ಇಲ್ಲದೆ ಮೇಲ್ ಓದಬೇಕೆಂದರೆ ಎರಡೂ ಕೋಣೆಗಳಲ್ಲಿ ಬೇರೆ ಬೇರೆ ಪ್ರತಿ ಇರಬೇಕು. ನೆಟ್ ಇರುವ ದಿನ ಹೊಸ ಲಾಗಿನ್ನಿನಲ್ಲಿ ಔಟ್‌ಲುಕ್ ತೆರೆದು ಖಾತೆ ಸೇರಿಸಬೇಕು. ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಕ್ಯಾಶ್ಡ್ ಎಕ್ಸ್‌ಚೇಂಜ್ ಮೋಡ್' ಎಂಬುದಕ್ಕೆ ಗುರುತು ಇದೆಯೇ ನೋಡಬೇಕು. ಪ್ರತಿ ಇಟ್ಟುಕೊಳ್ಳುವ ವ್ಯವಸ್ಥೆಗೆ ಇಟ್ಟಿರುವ ಹೆಸರು ಅದು. ಅಲ್ಲಿಯೇ ಎಷ್ಟು ಕಾಲದ ಮೇಲ್ ಇಳಿಸಬೇಕೆಂದು ಹೇಳುವ ಜಾರುಗುಂಡಿ ಇರುತ್ತದೆ, ಅದು ಸಾಮಾನ್ಯವಾಗಿ ಒಂದು ವರ್ಷದ ಬಳಿ ನಿಂತಿರುತ್ತದೆ. ಕಳೆದ ಮೂರು ವರ್ಷದ ಜಿಎಸ್‌ಟಿ ಪತ್ರಗಳು ಬೇಕಾದವರು ಅದನ್ನು ಬಲಕ್ಕೆ ಜರುಗಿಸಬೇಕು, ಔಟ್‌ಲುಕ್ ಮುಚ್ಚಿ ಮತ್ತೆ ತೆರೆಯಬೇಕು.

ಆಮೇಲೆ ಕಾಯಬೇಕು. ಖಾತೆ ಸೇರಿಸಿದ ಕೂಡಲೇ ಇನ್‌ಬಾಕ್ಸ್ ಕಾಣಿಸಿಕೊಳ್ಳುವುದರಿಂದ ಕೆಲಸ ಮುಗಿಯಿತೆಂದು ಲ್ಯಾಪ್‌ಟಾಪ್ ಮಡಚಿಬಿಡುವುದು ಅತಿ ಸಾಮಾನ್ಯ ತಪ್ಪು. ಹೊಸ ಮೇಲ್ ಮೊದಲು ಇಳಿಯುತ್ತದೆ, ಹಳೆಯದು ಹಿಂದಿನಿಂದ ನಿಧಾನವಾಗಿ ಇಳಿಯುತ್ತಿರುತ್ತದೆ. ಕಿಟಕಿಯ ತಳದ ಪಟ್ಟಿಯಲ್ಲಿ ಎಲ್ಲ ಫೋಲ್ಡರುಗಳೂ ಅಪ್ ಟು ಡೇಟ್ ಎಂಬ ಸಾಲು ಬರುವವರೆಗೆ ಪ್ರತಿ ಪೂರ್ತಿಯಾಗಿಲ್ಲ. ಪೂರ್ತಿಯಾಯಿತೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಒಂದೇ: ಏರೋಪ್ಲೇನ್ ಮೋಡ್ ಹಾಕಿ, ಆರು ತಿಂಗಳ ಹಿಂದಿನ ಯಾವುದಾದರೂ ಮೇಲ್ ತೆರೆದು, ಅದರೊಂದಿಗಿರುವ ಪಿಡಿಎಫ್ ತೆರೆಯುತ್ತದೆಯೇ ನೋಡುವುದು. ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋಗುವವರು ನಿಡವಂದ, ದೊಡ್ಡಬೆಲೆಯ ನಡುವೆ ಈ ಪರೀಕ್ಷೆ ಮಾಡುವುದಕ್ಕಿಂತ ಹಿಂದಿನ ರಾತ್ರಿ ಮನೆಯಲ್ಲಿಯೇ ಮಾಡಿಕೊಳ್ಳುವುದು ಮೇಲು.

ಜಾಗದ ಲೆಕ್ಕವನ್ನೂ ಮರೆಯಬಾರದು. ಪ್ರತಿ ಲಾಗಿನ್‌ಗೂ ಪ್ರತ್ಯೇಕ ಪ್ರತಿಯಾದುದರಿಂದ, ಹದಿನೈದು ಜಿಬಿ ಮೇಲ್ ಇದ್ದರೆ ಎರಡು ಲಾಗಿನ್ನುಗಳಿಗೆ ಮೂವತ್ತು ಜಿಬಿ ಬೇಕು. ಔಟ್‌ಲುಕ್ 2010ರಿಂದ ಈಚೆಗೆ ಇಂಥ ಒಂದು ಫೈಲು ಸಾಮಾನ್ಯವಾಗಿ 50 ಜಿಬಿವರೆಗೆ ಬೆಳೆಯಬಲ್ಲದು. 256 ಜಿಬಿ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಅದು ಸಣ್ಣ ಭಾರವಲ್ಲ.

ಬ್ರೌಸರಿನಲ್ಲಿ ಜಿಮೇಲ್ ನೋಡುವವರಿಗೆ

ಕಚೇರಿಯ ಮೇಲ್ ಗೂಗಲ್‌ನದಾಗಿದ್ದರೆ ತಂತ್ರಾಂಶ ಬೇರೆ, ತತ್ತ್ವ ಅದೇ. ಕ್ರೋಮ್ ಬ್ರೌಸರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ನ 'ಆಫ್‌ಲೈನ್' ವಿಭಾಗಕ್ಕೆ ಹೋಗಿ ಆಫ್‌ಲೈನ್ ಮೇಲ್‌ಗೆ ಗುರುತು ಹಾಕಿದರೆ, 7, 30 ಅಥವಾ 90 ದಿನಗಳ ಮೇಲ್ ಅನ್ನು ಬ್ರೌಸರ್ ಇಟ್ಟುಕೊಳ್ಳುತ್ತದೆ. ಇಟ್ಟುಕೊಳ್ಳುವುದು ಆ ವಿಂಡೋಸ್ ಲಾಗಿನ್ನಿನ, ಆ ಕ್ರೋಮ್ ಪ್ರೊಫೈಲಿನೊಳಗೆ. ಲಾಗಿನ್ ಬದಲಿಸಿದರೆ ಹೊಸದರಲ್ಲಿ ಮತ್ತೆ ಗುರುತು ಹಾಕಬೇಕು. ಇತಿಹಾಸ ಉಳಿಸದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಇದು ನಡೆಯುವುದಿಲ್ಲ, ಮತ್ತು ಕಂಪ್ಯೂಟರ್ ನಿಧಾನವಾಯಿತೆಂದು ಯಾರಾದರೂ ಬ್ರೌಸರಿನ ಕುಕೀಸ್ (ವೆಬ್‌ಸೈಟ್‌ಗಳು ಬ್ರೌಸರಿನಲ್ಲಿ ಬಿಟ್ಟ ಮಾಹಿತಿ) ಅಳಿಸಿದರೆ ಪ್ರತಿಯೂ ಅಳಿಸಿಹೋಗುತ್ತದೆ. ಆ ಗುರುತಿನ ಚೌಕವೇ ಕಾಣದಿದ್ದರೆ ಕಚೇರಿಯ ಅಡ್ಮಿನ್ ಅದನ್ನು ಮುಚ್ಚಿಟ್ಟಿರಬಹುದು.

ಕಂಪ್ಯೂಟರೇ ಬೇರೆಯಾದರೆ

ಇಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಒಂದೇ ಲಾಗಿನ್ನಿನಿಂದ ಯಾವ ಕಂಪ್ಯೂಟರಿನಲ್ಲಾದರೂ ಕೂರಬಹುದು. ಆದರೆ ಸಂಸ್ಥೆಯ ನೆಟ್‌ವರ್ಕ್ ಸಿಗದಾಗ ವಿಂಡೋಸ್‌ಗೆ ಪಾಸ್‌ವರ್ಡ್ ಸರಿಯೇ ಎಂದು ಕೇಳಲು ಯಾರೂ ಇರುವುದಿಲ್ಲ. ಆಗ ಅದು ಹಿಂದೆ ಅದೇ ಕಂಪ್ಯೂಟರಿನಲ್ಲಿ ಕೂತು ಹೋದವರ ಗುರುತನ್ನಷ್ಟೇ ನೆನಪಿನಿಂದ ತೆಗೆದು ನೋಡುತ್ತದೆ, ಅದೂ ಸಾಮಾನ್ಯವಾಗಿ ಕೊನೆಯ ಹತ್ತು ಜನರದು. ನೀವು ಎಂದೂ ಕೂರದ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಇಲ್ಲದ ದಿನ ಒಳಗೆ ಹೋಗುವುದೇ ಆಗುವುದಿಲ್ಲ, ಮೇಲ್ ಮಾತು ಆಮೇಲಿನದು. ಕೆಲವು ಸಂಸ್ಥೆಗಳಲ್ಲಿ ಲಾಗಿನ್ನಿನ ಜೊತೆ ಕೆಲವು ಫೋಲ್ಡರುಗಳೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಾಗುವ ವ್ಯವಸ್ಥೆ ಇದೆ. ಆದರೆ ಹಾಗೆ ಸಾಗುವ ಫೋಲ್ಡರಿನ ಹೆಸರು ರೋಮಿಂಗ್, ಓಎಸ್‌ಟಿ ಇರುವುದು ಅದರ ಪಕ್ಕದ ಲೋಕಲ್‌ನಲ್ಲಿ. ಹೆಸರೇ ಹೇಳುವಂತೆ ಅದು ಹುಟ್ಟಿದ ಊರು ಬಿಡುವುದಿಲ್ಲ.

ಇಬ್ಬರು ಒಂದೇ ಮೇಲ್ ನೋಡಬೇಕಾದ ಸಂದರ್ಭದಲ್ಲಿ, ಉದಾಹರಣೆಗೆ ಖರೀದಿ ವಿಭಾಗದ ವಿಳಾಸಕ್ಕೆ ಬರುವ ಪತ್ರಗಳನ್ನು, ಒಬ್ಬರ ಲಾಗಿನ್ ಇನ್ನೊಬ್ಬರಿಗೆ ಕೊಡುವ ಬದಲು ಅಡ್ಮಿನ್‌ಗೆ ಹೇಳಿ ಅದನ್ನು ಹಂಚಿಕೆಯ ಮೇಲ್‌ಬಾಕ್ಸ್ ಮಾಡಿಸಬಹುದು. ಆಗ ಇಬ್ಬರ ಕೋಣೆಯಲ್ಲಿಯೂ ಅದರ ಪ್ರತಿ ಇಳಿಯುತ್ತದೆ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿನಿಂದ ದತ್ತಾಂಶ ಕಾಪಿ ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಸೆಕ್ಷನ್ನಿನಂತೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ಲಾಗಿನ್ ಇನ್ನೊಬ್ಬರದಾಗಿದ್ದರೆ ಕೀಲಿ ಕೈಯಲ್ಲಿದ್ದ ಮಾತ್ರಕ್ಕೆ ಕೋಣೆ ನಮ್ಮದಾಗುವುದಿಲ್ಲ.

ಔಟ್‌ಬಾಕ್ಸಿನಲ್ಲಿ ಕುಳಿತ ಕೊಟೇಶನ್

ಹೊಸ ಲಾಗಿನ್ನಿನಲ್ಲಿ ಎಲ್ಲ ಸರಿಯಾಗಿ ಇಳಿದ ಮೇಲೂ ಹಳೆಯದನ್ನು ಅಳಿಸುವ ಮೊದಲು ಒಮ್ಮೆ ಅದರೊಳಗೆ ಹೋಗಿ ಬರಬೇಕು. ಸರ್ವರ್‌ಗೆ ಇನ್ನೂ ತಲುಪದ ಮೇಲ್ ಅಲ್ಲಿ ಉಳಿದಿರುವ ಸಾಧ್ಯತೆ ಇರುತ್ತದೆ. ನೆಟ್ ಇಲ್ಲದಾಗ ಬರೆದು 'ಸೆಂಡ್' ಒತ್ತಿದ ಮೇಲ್ ಔಟ್‌ಬಾಕ್ಸ್ ಎಂಬ ಫೋಲ್ಡರಿನಲ್ಲಿ ಕಾಯುತ್ತಿರುತ್ತದೆ. ಅದೇ ಲಾಗಿನ್ನಿನಲ್ಲಿ, ನೆಟ್ ಇರುವಾಗ, ಔಟ್‌ಲುಕ್ ಮತ್ತೆ ತೆರೆದರೆ ಮಾತ್ರ ಹೊರಡುತ್ತದೆ. ಹೊಸ ಲಾಗಿನ್ನಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ, ಏಕೆಂದರೆ ಹೊಸ ಲಾಗಿನ್ ಪ್ರತಿ ತೆಗೆದದ್ದು ಸರ್ವರ್‌ನಿಂದ, ಸರ್ವರ್‌ಗೆ ಆ ಮೇಲ್ ಬಂದೇ ಇಲ್ಲ. 'ಈ ಕಂಪ್ಯೂಟರಿನಲ್ಲಿ ಮಾತ್ರ' ಎಂದು ಗುರುತಾದ ಫೋಲ್ಡರುಗಳು, ಆರ್ಕೈವ್ ಎಂಬ ಹೆಸರಿನ ಪಿಎಸ್‌ಟಿಗಳು, ಪಾಪ್ ಖಾತೆಯ ಮೇಲ್, ಇವೂ ಇದೇ ಜಾತಿಯವು.

ಮೊದಲು ಹೇಳಿದ ಘಟಕದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಕೇಬಲ್ ಜೋಡಿಸಿದರು. ಹೊಸ ಲಾಗಿನ್ನಿನಲ್ಲಿ ಮೇಲ್ ಇಳಿಯಲು ಬಿಟ್ಟು, ಮೇಡಂ ಹಳೆಯ ಲಾಗಿನ್ನಿನಲ್ಲಿ ಒಮ್ಮೆ ಒಳಹೋಗಿ ಔಟ್‌ಲುಕ್ ತೆರೆದರು. ಔಟ್‌ಬಾಕ್ಸಿನ ಪಕ್ಕದಲ್ಲಿ 1 ಎಂಬ ಅಂಕಿ ಇತ್ತು: ಲಾಗಿನ್ ಬದಲಾಗುವ ಹಿಂದಿನ ಸಂಜೆ, ಕರೆಂಟು ಹೋಗುವ ಗಡಿಬಿಡಿಯಲ್ಲಿ, ಪೀಣ್ಯದ ಗಿರಾಕಿಯೊಬ್ಬರಿಗೆ ಕಳುಹಿಸಿದ್ದೇನೆಂದು ಅವರು ತಿಳಿದಿದ್ದ ಕೊಟೇಶನ್ನು. ನಾವು ನೋಡುತ್ತಿದ್ದಂತೆ ಅಂಕಿ ಮಾಯವಾಯಿತು. ಅವರು ಫೋನ್ ಎತ್ತಿಕೊಂಡು, "ಸಾರ್, ಒಂದು ಮೇಲ್ ಹಾಕಿದೀನಿ, ಸ್ವಲ್ಪ ನೋಡ್ತೀರಾ?" ಎಂದು ಗಿರಾಕಿಗೆ ಹೇಳುತ್ತ ಹೊರಗೆ ನಡೆದರು.